ಮೇಜಿನ ಮೇಲಿನ ಮೈಕೆಲ್ಸನ್ ಕಿಟ್: ಈಥರ್ ವಾದದ ನಡುವೆ ಒಂದು ಉಪಕರಣದ ವಿಮರ್ಶೆ

ಬೆಳಕಿನ ಒಂದು ಕಿರಣವನ್ನು ಎರಡಾಗಿ ಸೀಳಿ, ಎರಡು ದಾರಿಗಳಲ್ಲಿ ಓಡಿಸಿ, ಮತ್ತೆ ಕೂಡಿಸಿ, ಆ ದಾರಿಗಳ ಅತಿ ಸಣ್ಣ ವ್ಯತ್ಯಾಸವನ್ನು ತೋರಿಸುವ ಮೈಕೆಲ್ಸನ್ ವ್ಯತಿಕರಣಮಾಪಕದ ಒಂದು ಕಿಟ್ಟನ್ನು ಉಡುಪಿಯ ನಾವು ಕೆಲವರು ಹಣ ಕೂಡಿಸಿ ತರಿಸಿಕೊಂಡು, ಒಂದು ಮಳೆಗಾಲವನ್ನೂ ಅದರ ಮುಂದಿನ ಬೇಸಿಗೆಯನ್ನೂ ದಾಟಿಸಿ ಬಳಸಿದ್ದೇವೆ. ಪ್ರಯೋಗಾಲಯಕ್ಕೆ ಇಂಥದ್ದನ್ನು ಕೊಳ್ಳಬಹುದೇ ಎಂದು ಮಂಗಳೂರು, ಕುಂದಾಪುರ, ಕಾರ್ಕಳದ ಅಧ್ಯಾಪಕ ಮಿತ್ರರು ಕೇಳುತ್ತಿರುವುದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುತ್ತಿಲ್ಲ. ಇದೇ ವಿನ್ಯಾಸದ ಕಿಟ್‌ಗಳನ್ನು ಹಲವರು ಮಾರುತ್ತಾರೆ, ಮತ್ತು ನನ್ನ ಮುಖ್ಯ ಮಾತು ಅವೆಲ್ಲಕ್ಕೂ ಅನ್ವಯಿಸುತ್ತದೆ. ಗುರುತ್ವವನ್ನೂ ಕ್ವಾಂಟಮ್ ವರ್ತನೆಯನ್ನೂ ಒಂದೇ ಈಥರ್‌ನಿಂದ ವಿವರಿಸಬಹುದೇ ಎಂಬ ವಾದ ನಮ್ಮ ಗುಂಪಿನಲ್ಲಿ ಬಹುಕಾಲದಿಂದ ನಡೆಯುತ್ತಿತ್ತು. ಈಥರ್ ಎಂದರೆ ಖಾಲಿ ಜಾಗವನ್ನೆಲ್ಲ ತುಂಬಿಕೊಂಡು ಬೆಳಕಿನ ಅಲೆಯನ್ನು ಹೊರುತ್ತದೆ ಎಂದು ಹಿಂದೆ ನಂಬಲಾಗಿದ್ದ ಮಾಧ್ಯಮ. ಮಾತಿನಲ್ಲಿ ಇತ್ಯರ್ಥವಾಗದ್ದನ್ನು ಒಂದು ಉಪಕರಣದ ಮುಂದಿಟ್ಟು ನೋಡೋಣ ಎಂದು ನಿರ್ಧರಿಸಿ ಇದನ್ನು ಕೊಂಡೆವು. ಆದ್ದರಿಂದ ಕನ್ನಡಿ, ತಿರುಪುಗಳ ಗುಣಮಟ್ಟದ ಜೊತೆಗೆ, ಆ ವಾದದಲ್ಲಿ ಈ ಪೆಟ್ಟಿಗೆ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಮತ್ತು ಅದರ ಶಕ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

ಪೆಟ್ಟಿಗೆಯಲ್ಲಿ ದಪ್ಪ ಅಲ್ಯೂಮಿನಿಯಂ ತಳಪಾಯ, 650 ನ್ಯಾನೋಮೀಟರ್ ತರಂಗದೂರದ ಕೆಂಪು ಡಯೋಡ್ ಲೇಸರ್, ಕಿರಣವನ್ನು ಎರಡಾಗಿಸುವ ಗಾಜು (ಬೀಮ್ ಸ್ಪ್ಲಿಟರ್), ಎರಡು ಕನ್ನಡಿಗಳು, ಒಂದು ಕನ್ನಡಿಯನ್ನು ಹಿಂದೆ ಮುಂದೆ ಸರಿಸುವ ಮೈಕ್ರೋಮೀಟರ್ ತಿರುಪು, ಕಿರಣವನ್ನು ಹರಡುವ ಸಣ್ಣ ಮಸೂರ, ಪರದೆ, ಗಾಳಿಯ ವಕ್ರೀಭವನ ಸೂಚ್ಯಂಕವನ್ನು ಅಳೆಯಲು 5 ಸೆಂಟಿಮೀಟರ್ ಉದ್ದದ ಗಾಜಿನ ಕೋಶ, ಕೈಪಂಪು ಮತ್ತು ಒಂದು ಕೈಪಿಡಿ ಇರುತ್ತವೆ. ಬೀಮ್ ಸ್ಪ್ಲಿಟರಿನಿಂದ ಕನ್ನಡಿಗಳವರೆಗಿನ ಎರಡು ದಾರಿಗಳ, ಅಂದರೆ ತೋಳುಗಳ, ಉದ್ದ ತಲಾ 20 ಸೆಂಟಿಮೀಟರ್. ಕನ್ನಡಿಗಳ ಹಿಂಬದಿಯ ಹೊಂದಾಣಿಕೆ ತಿರುಪುಗಳು ನುಣುಪಾಗಿ ಚಲಿಸುತ್ತವೆ. ಹೊಸಬರು ಕೂಡ ಸ್ವಲ್ಪ ತಾಳ್ಮೆಯಿಂದ ಪರದೆಯ ಮೇಲೆ ಎರಡು ಕಿರಣಗಳು ಕೂಡಿ ಮೂಡಿಸುವ ಬೆಳಕು-ಕತ್ತಲೆಯ ಪಟ್ಟೆಗಳನ್ನು, ಅಂದರೆ ವೃತ್ತಾಕಾರದ ಫ್ರಿಂಜ್‌ಗಳನ್ನು ತರಬಲ್ಲರು. ಕನ್ನಡಿ ಕೇವಲ 325 ನ್ಯಾನೋಮೀಟರ್ ಸರಿದರೆ ಒಂದು ಫ್ರಿಂಜ್ ಹುಟ್ಟುತ್ತದೆ ಅಥವಾ ಮಧ್ಯದಲ್ಲಿ ನುಂಗಿಹೋಗುತ್ತದೆ. ಗಾಜಿನ ಕೋಶದಿಂದ ಗಾಳಿಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ ಸುಮಾರು 40 ಫ್ರಿಂಜ್‌ಗಳು ದಾಟಬೇಕು. ಕೈಪಂಪು ಅಷ್ಟು ನಿರ್ವಾತವನ್ನು ಕೊಡುವುದಿಲ್ಲವಾದರೂ, ಒತ್ತಡಕ್ಕೂ ಫ್ರಿಂಜ್‌ಗಳ ಎಣಿಕೆಗೂ ನಡುವೆ ಬರುವ ನೇರ ರೇಖೆ ತೃಪ್ತಿಕರವಾಗಿದೆ. ಬೆಳಕು ಗಾಳಿಯಲ್ಲಿ ಅಷ್ಟಿಷ್ಟು ನಿಧಾನವಾಗುತ್ತದೆ ಎಂಬ ಮಾತನ್ನು ಕಣ್ಣೆದುರಿಗೆ ಎಣಿಸಿ ನೋಡಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಈ ಒಂದು ಪ್ರಯೋಗಕ್ಕಾಗಿಯೇ ಕಿಟ್ ಕೊಟ್ಟ ಬೆಲೆಗೆ ತಕ್ಕದ್ದಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕರಾವಳಿಯಲ್ಲಿ ಇದನ್ನು ಕಾಪಾಡುವುದು ಮಾತ್ರ ಸುಲಭವಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಬೀಮ್ ಸ್ಪ್ಲಿಟರಿನ ಲೇಪನದ ಮೇಲೆ ಬೂಸ್ಟು ಕೂರುವ ಭಯ ಇದ್ದೇ ಇರುತ್ತದೆ. ನಾವು ಗಾಜಿನ ಭಾಗಗಳನ್ನೆಲ್ಲ ಬಿಡಿಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಬಳಸುವಾಗ ಮಾತ್ರ ಹೊರತೆಗೆಯುವ ಪದ್ಧತಿ ಇಟ್ಟುಕೊಂಡೆವು. ತಳಪಾಯದ ಉಕ್ಕಿನ ತಿರುಪುಗಳು ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿದವು. ಸ್ಟೇನ್‌ಲೆಸ್ ತಿರುಪುಗಳನ್ನು ಕೊಡುವುದು ತಯಾರಕರಿಗೆ ದೊಡ್ಡ ವೆಚ್ಚವೇನಲ್ಲ. ನಮ್ಮ ಕೋಣೆ ಹೆದ್ದಾರಿಗೆ ಹತ್ತಿರವಿರುವುದರಿಂದ ಬಸ್ಸು ಲಾರಿಗಳು ಹೋದಾಗಲೆಲ್ಲ ಫ್ರಿಂಜ್‌ಗಳು ನಡುಗಿ ಕಲಸಿಹೋಗುತ್ತಿದ್ದವು. ಕಾರ್ಕಳದಿಂದ ತರಿಸಿದ ಗ್ರಾನೈಟ್ ಚಪ್ಪಡಿಯನ್ನು ಅರೆಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಕೂರಿಸಿ, ಅದರ ಮೇಲೆ ಉಪಕರಣವನ್ನಿಟ್ಟ ಮೇಲೆ ಪರದೆ ಶಾಂತವಾಯಿತು. 1887ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಇದೇ ಕಾರಣಕ್ಕೆ ತಮ್ಮ ಉಪಕರಣವನ್ನು ದಪ್ಪ ಕಲ್ಲಿನ ಮೇಲೆ ಕಟ್ಟಿ, ಆ ಕಲ್ಲನ್ನು ಪಾದರಸದಲ್ಲಿ ತೇಲಿಸಿದ್ದರು.

ಇನ್ನು ಕೈಪಿಡಿಯ ವಿಷಯ. ಕಿಟ್ಟಿನ ಅತ್ಯಂತ ದುರ್ಬಲ ಭಾಗ ಇದೇ, ಮತ್ತು ಇದರ ಬಗ್ಗೆ ವಿವರವಾಗಿ ಬರೆಯಲೇಬೇಕು. ಉಪಕರಣವನ್ನು 90 ಡಿಗ್ರಿ ತಿರುಗಿಸಿ, ಫ್ರಿಂಜ್‌ಗಳು ಸರಿಯದಿರುವುದನ್ನು ನೋಡಿ, ಈಥರ್ ಇಲ್ಲವೆಂದು ಸಾಬೀತುಪಡಿಸಬಹುದು ಎಂದು ಅದು ಹೇಳುತ್ತದೆ. ಈಥರಿನ ಎದುರಿಗೆ ಚಾಚಿದ ತೋಳಿನಲ್ಲೂ ಅದಕ್ಕೆ ಅಡ್ಡಲಾಗಿ ಚಾಚಿದ ತೋಳಿನಲ್ಲೂ ಬೆಳಕಿಗೆ ಬೇರೆ ಬೇರೆ ಹೊತ್ತು ಹಿಡಿಯಬೇಕು ಎಂಬುದು ಇದರ ಹಿಂದಿನ ತರ್ಕ. ಲೆಕ್ಕ ಹಾಕಿ ನೋಡೋಣ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಬೆಳಕಿನ ವೇಗದೊಡನೆ ಇದರ ಅನುಪಾತವನ್ನು ವರ್ಗ ಮಾಡಿದರೆ ಹತ್ತು ಕೋಟಿಯಲ್ಲಿ ಒಂದು ಭಾಗ ಸಿಗುತ್ತದೆ. ನಿಶ್ಚಲ ಈಥರ್ ಒಂದಿದ್ದು ಭೂಮಿ ಅದರೊಳಗೆ ಈ ವೇಗದಲ್ಲಿ ಚಲಿಸುತ್ತಿದ್ದರೆ, ತೋಳಿನ ಉದ್ದದ ಎರಡರಷ್ಟನ್ನು ಈ ಅನುಪಾತದಿಂದ ಗುಣಿಸಿ ತರಂಗದೂರದಿಂದ ಭಾಗಿಸಿದಾಗ ಬರುವಷ್ಟು ಫ್ರಿಂಜ್‌ಗಳು, ಉಪಕರಣವನ್ನು ತಿರುಗಿಸಿದಾಗ ಸರಿಯಬೇಕು. ಮೈಕೆಲ್ಸನ್ ಮತ್ತು ಮಾರ್ಲಿ ಬೆಳಕನ್ನು ಕನ್ನಡಿಗಳ ನಡುವೆ ಹಲವು ಬಾರಿ ಓಡಿಸಿ ತೋಳಿನ ಉದ್ದವನ್ನು 11 ಮೀಟರಿಗೆ ಏರಿಸಿದ್ದರಿಂದ ಅವರು ನಿರೀಕ್ಷಿಸಿದ ಸರಿತ 0.4 ಫ್ರಿಂಜ್, ಕಂಡದ್ದು ಅದರ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮ 20 ಸೆಂಟಿಮೀಟರ್ ತೋಳಿಗೆ ಅದೇ ಲೆಕ್ಕ ಹಾಕಿದರೆ ಬರುವುದು 0.006 ಫ್ರಿಂಜ್. ಪರದೆಯ ಮೇಲೆ ಕಣ್ಣಿನಿಂದ ಒಂದು ಫ್ರಿಂಜಿನ ಹತ್ತನೇ ಒಂದು ಭಾಗವನ್ನು ಗುರುತಿಸುವುದೇ ಕಷ್ಟವಾಗಿರುವಾಗ, ಅದಕ್ಕಿಂತ ಹದಿನಾರು ಪಟ್ಟು ಚಿಕ್ಕದಾದದ್ದು ಕಾಣಲಿಲ್ಲ ಎಂಬುದರಿಂದ ಈಥರ್ ಇದೆಯೆಂದೂ ಇಲ್ಲವೆಂದೂ ಹೇಳಲು ಬರುವುದಿಲ್ಲ. ವಿದ್ಯಾರ್ಥಿಗಳಿಂದ ಇಂಥ ತೀರ್ಮಾನವನ್ನು ಬರೆಸಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ.

ಇದಕ್ಕೆ ತಾಪಮಾನದ ಪ್ರಶ್ನೆಯನ್ನೂ ಸೇರಿಸಬೇಕು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಭಾಗದಷ್ಟು ಹಿಗ್ಗುತ್ತದೆ. ಒಂದು ತೋಳು ಇನ್ನೊಂದಕ್ಕಿಂತ ಒಂದು ಡಿಗ್ರಿ ಬೆಚ್ಚಗಾದರೆ 14 ಫ್ರಿಂಜ್‌ಗಳು ಸರಿಯುತ್ತವೆ. ಅಂದರೆ ನಾವು ಹುಡುಕುತ್ತಿರುವ 0.006 ಫ್ರಿಂಜನ್ನು ಹುಟ್ಟಿಸಲು ಒಂದು ಡಿಗ್ರಿಯ ಎರಡೂವರೆ ಸಾವಿರದಲ್ಲಿ ಒಂದು ಭಾಗ ಸಾಕು. ಪಕ್ಕದಲ್ಲಿ ನಿಂತವರ ಮೈಶಾಖವೇ ಅದಕ್ಕಿಂತ ಹೆಚ್ಚು. ಡೇಟನ್ ಮಿಲ್ಲರ್ 1920ರ ದಶಕದಲ್ಲಿ ಮೌಂಟ್ ವಿಲ್ಸನ್ ಮೇಲೆ ಬಹಳ ದೊಡ್ಡ ಉಪಕರಣದಿಂದ ಸೆಕೆಂಡಿಗೆ ಸುಮಾರು 10 ಕಿಲೋಮೀಟರಿನ ಈಥರ್ ಗಾಳಿಯನ್ನು (ಭೂಮಿಯ ಚಲನೆಗೆ ಎದುರಾಗುವ ಈಥರಿನ ಹರಿವನ್ನು) ಕಂಡೆನೆಂದು ಹೇಳಿದ್ದರು. ಈಥರ್ ಪರ ವಾದಿಸುವವರು ಇಂದಿಗೂ ಎತ್ತುವ ಹೆಸರು ಅದೇ. 1955ರಲ್ಲಿ ಶ್ಯಾಂಕ್‌ಲ್ಯಾಂಡ್ ಮತ್ತು ಸಂಗಡಿಗರು ಆ ಅಳತೆಗಳನ್ನು ಮತ್ತೆ ಪರಿಶೀಲಿಸಿ, ಕಂಡ ಏರಿಳಿತಕ್ಕೆ ತಾಪಮಾನದ ವ್ಯತ್ಯಾಸಗಳೇ ಕಾರಣ ಎಂಬ ತೀರ್ಮಾನಕ್ಕೆ ಬಂದರು. ಮಿಲ್ಲರ್ ಪರಿಶ್ರಮಿ, ಪ್ರಾಮಾಣಿಕ ಪ್ರಯೋಗಕಾರ. ಹಾಗಿದ್ದೂ ಇಂಥದ್ದು ನಡೆಯಿತು ಎಂಬುದನ್ನು ತಿಳಿಯಬೇಕಾದರೆ, ಈ ಕಿಟ್ಟಿನ ಒಂದು ತೋಳಿನ ಬಳಿ ಅಂಗೈ ಹಿಡಿದು ಫ್ರಿಂಜ್‌ಗಳು ಓಡುವುದನ್ನು ನೋಡಬೇಕು. ಕೈಪಿಡಿಯಲ್ಲಿ ಇರಬೇಕಾಗಿದ್ದ ಪ್ರಯೋಗ ಇದು. ಅದರ ಸುಳಿವೂ ಅಲ್ಲಿಲ್ಲ.

ಹಾಗಾದರೆ ಈಥರ್ ವಿಷಯದಲ್ಲಿ ಈ ಕಿಟ್ ಪೂರ್ತಿ ಮೂಕವೇ? ನಮ್ಮ ಗುಂಪಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಇಲ್ಲಿ ಒಂದು ಒಳ್ಳೆಯ ದಾರಿ ತೋರಿಸಿದರು. ವಿಶ್ವದ ಆರಂಭಕಾಲದಿಂದ ಉಳಿದು ಎಲ್ಲ ದಿಕ್ಕಿನಿಂದಲೂ ಬರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣಕ್ಕೆ ಹೋಲಿಸಿದರೆ ಸೌರಮಂಡಲ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ, ಸಿಂಹರಾಶಿಯ ದಿಕ್ಕಿನ ಆಸುಪಾಸಿಗೆ ಚಲಿಸುತ್ತಿದೆ. ಈಥರ್ ಇದ್ದರೆ ಅದು ಆ ವಿಕಿರಣದೊಂದಿಗೇ ನಿಶ್ಚಲವಾಗಿರಬೇಕು ಎಂದು ಈಗಿನ ಹಲವು ಪ್ರತಿಪಾದಕರು ಹೇಳುತ್ತಾರೆ. ಆ ವೇಗವನ್ನು ಅದೇ ಸೂತ್ರಕ್ಕೆ ಹಾಕಿದರೆ, ನಮ್ಮ ಪುಟ್ಟ ತೋಳಿಗೂ 0.9 ಫ್ರಿಂಜ್ ಬರುತ್ತದೆ! ವೇಗ ಹನ್ನೆರಡು ಪಟ್ಟಿಗಿಂತ ಹೆಚ್ಚಾದಾಗ ಅದರ ವರ್ಗ ನೂರೈವತ್ತು ಪಟ್ಟು ಹೆಚ್ಚಾಗುವುದರಿಂದ ಇದು ಸಾಧ್ಯವಾಗುತ್ತದೆ. ಒಂದು ಪೂರ್ಣ ಫ್ರಿಂಜಿಗೆ ಹತ್ತಿರದ ಸರಿತ ಬರಿಗಣ್ಣಿಗೆ ಕಾಣಲೇಬೇಕು.

ಬೈಕಂಪಾಡಿಯ ಲೇತ್ ಅಂಗಡಿಯೊಂದರಲ್ಲಿ ಬೇರಿಂಗ್ ಇರುವ ತಿರುಗುಪೀಠ ಮಾಡಿಸಿ, ಟ್ಯೂಬು, ಚಪ್ಪಡಿ, ಉಪಕರಣ ಎಲ್ಲವನ್ನೂ ಅದರ ಮೇಲಿಟ್ಟು, ಥರ್ಮಾಕೋಲ್ ಪೆಟ್ಟಿಗೆಯಿಂದ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮಾರ್ಚ್ ತಿಂಗಳ ಸಂಜೆ ಸಿಂಹರಾಶಿ ಪೂರ್ವ ದಿಗಂತದ ಬಳಿ ಇರುವಾಗ ನಿಧಾನವಾಗಿ ತಿರುಗಿಸಿ ನೋಡಿದೆವು. ಆಗ ಆ ವೇಗದ ದಿಕ್ಕು ನೆಲಕ್ಕೆ ಬಹುಮಟ್ಟಿಗೆ ಸಮಾಂತರವಾಗಿರುತ್ತದೆ. ನಡುರಾತ್ರಿಯ ಹೊತ್ತಿಗೆ ಅದೇ ದಿಕ್ಕು ಉಡುಪಿಯ ನೆತ್ತಿಯಿಂದ ಇಪ್ಪತ್ತು ಡಿಗ್ರಿಯಷ್ಟೇ ದೂರದಲ್ಲಿರುವುದರಿಂದ ಪರಿಣಾಮ ಎಂಟನೇ ಒಂದು ಭಾಗಕ್ಕೆ ಇಳಿಯಬೇಕು. ಒಂದೇ ರಾತ್ರಿಯಲ್ಲಿ ಎರಡನ್ನೂ ಹೋಲಿಸಬಹುದೆಂಬುದು ಈ ಪ್ರಯೋಗದ ಸೊಗಸು. ಸಂಜೆಯಲ್ಲಾಗಲಿ ನಡುರಾತ್ರಿಯಲ್ಲಾಗಲಿ, ಪ್ರತಿ ಅರ್ಧ ಸುತ್ತಿಗೆ ಮರುಕಳಿಸುವ ಅಂಥ ಸರಿತ ನಮಗೆ ಕಾಣಲಿಲ್ಲ. ಕಂಡದ್ದು ತಾಪಮಾನದಿಂದ ಒಂದೇ ದಿಕ್ಕಿಗೆ ಆಗುವ ನಿಧಾನ ಚಲನೆ ಮಾತ್ರ. ಇದು ಪ್ರಕಟಣೆಗೆ ತಕ್ಕ ಅಳತೆಯೇನೂ ಅಲ್ಲ. ಬೆಳಕಿನ ವೇಗ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದಿಲ್ಲ ಎಂಬುದನ್ನು ಕನ್ನಡಿಗಳ ನಡುವೆ ಬೆಳಕನ್ನು ಹಿಡಿದಿಡುವ ದ್ಯುತಿ ಅನುರಣಕಗಳ ಮೂಲಕ 2009ರಲ್ಲೇ 1ರ ಮುಂದೆ 17 ಸೊನ್ನೆಗಳಿರುವ ಸಂಖ್ಯೆಯಲ್ಲಿ ಒಂದು ಭಾಗದ ಮಟ್ಟಕ್ಕೆ ಪರೀಕ್ಷಿಸಲಾಗಿದೆ. ಆದರೂ ಒಂದು ನಿರ್ದಿಷ್ಟ ಈಥರ್ ಕಲ್ಪನೆಯನ್ನು, ನಮ್ಮ ಊರಿನಲ್ಲಿ, ನಮ್ಮ ಕೈಯಿಂದಲೇ ಪರೀಕ್ಷೆಗೆ ಒಡ್ಡಲು ಸಾಧ್ಯವಾಯಿತು. ಕಿಟ್ಟಿನ ಬಗೆಗಿನ ನನ್ನ ಗೌರವ ಹುಟ್ಟಿದ್ದು ಆ ರಾತ್ರಿ.

ಈಗ ಗುರುತ್ವ. ನಮ್ಮಲ್ಲಿ ಈಥರ್ ಪಕ್ಷವನ್ನು ಸಮರ್ಥವಾಗಿ ಹಿಡಿದವರು ಹಡಗಿನ ಇಂಜಿನಿಯರಾಗಿ ದುಡಿದು ನಿವೃತ್ತರಾದ ಹಿರಿಯರು. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. "ಮಾಷ್ಟ್ರೇ, ಖಾಲಿ ಜಾಗ ಬಾಗುತ್ತದೆ ಅಂತ ಹೇಳುವುದಕ್ಕಿಂತ, ಏನೋ ಒಂದು ದ್ರವ ಭೂಮಿಯೊಳಗೆ ಇಳಿಯುತ್ತಾ ನಮ್ಮನ್ನು ಜೊತೆಗೆ ಎಳೆಯುತ್ತದೆ ಅಂತ ಹೇಳುವುದು ಹೆಚ್ಚು ಅರ್ಥಪೂರ್ಣವಲ್ಲವಾ?" ಎಂಬುದು ಅವರ ಪ್ರಶ್ನೆ. ನ್ಯೂಟನ್ ಸ್ವತಃ ಗುರುತ್ವಕ್ಕೆ ಈಥರ್ ಕಾರಣವಿರಬಹುದೇ ಎಂದು ತನ್ನ ಬೆಳಕಿನ ಗ್ರಂಥದ ಕೊನೆಯ ಪ್ರಶ್ನೆಗಳಲ್ಲಿ ಯೋಚಿಸಿದ್ದ. ಹದಿನೆಂಟನೆಯ ಶತಮಾನದ ಲೆ ಸಾಜ್, ಎಲ್ಲ ದಿಕ್ಕಿನಿಂದ ಬಡಿಯುವ ಸೂಕ್ಷ್ಮ ಕಣಗಳನ್ನು ಎರಡು ಕಾಯಗಳು ಪರಸ್ಪರ ಮರೆಮಾಡುವುದರಿಂದ ಅವು ಹತ್ತಿರಕ್ಕೆ ತಳ್ಳಲ್ಪಡುತ್ತವೆ ಎಂದು ವಿವರಿಸಿದ. ಅದರಿಂದ ವಿಲೋಮ ವರ್ಗ ನಿಯಮ (ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗ) ಚೆನ್ನಾಗಿಯೇ ಸಿಗುತ್ತದೆ. ಆದರೆ ಆ ಕಣಗಳು ವಸ್ತುವಿಗೆ ಬಡಿದು ಶಕ್ತಿಯನ್ನು ಬಿಟ್ಟುಹೋಗಬೇಕಾದ್ದರಿಂದ ಭೂಮಿ ಸುಟ್ಟುಹೋಗುವಷ್ಟು ಬಿಸಿಯಾಗಬೇಕಾಗುತ್ತದೆ ಎಂಬ ಆಕ್ಷೇಪವನ್ನು ಮ್ಯಾಕ್ಸ್‌ವೆಲ್ ಎತ್ತಿದ, ಪ್ವಾಂಕರೆ 1908ರಲ್ಲಿ ಲೆಕ್ಕ ಹಾಕಿ ಬಲಪಡಿಸಿದ. ಚಲಿಸುವ ಗ್ರಹದ ಮುಂಭಾಗಕ್ಕೆ ಹೆಚ್ಚು ಕಣಗಳು ಬಡಿದು ಅದರ ಓಟವನ್ನು ತಡೆಯಬೇಕೆಂಬುದು ಇನ್ನೊಂದು ತೊಡಕು.

ನಮ್ಮ ಹಿರಿಯರ ಹರಿವಿನ ಕಲ್ಪನೆ ಲೆ ಸಾಜನದಕ್ಕಿಂತ ಆಳವಾದದ್ದು. ಹಿಗ್ಗದ ಕುಗ್ಗದ ಒಂದು ದ್ರವವು ಎಲ್ಲ ಕಡೆಯಿಂದ ಭೂಮಿಯೊಳಗೆ ಹರಿದು ಮಾಯವಾಗುತ್ತಿದ್ದರೆ, ಪ್ರತಿಯೊಂದು ಗೋಳದ ಮೇಲ್ಮೈಯನ್ನು ದಾಟುವ ದ್ರವದ ಪ್ರಮಾಣ ಒಂದೇ ಆಗಿರಬೇಕಾದ್ದರಿಂದ ಅದರ ವೇಗ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆ ಹರಿವಿನ ಜೊತೆ ಸಾಗುವ ವಸ್ತುವಿನ ವೇಗೋತ್ಕರ್ಷವನ್ನು ಲೆಕ್ಕ ಹಾಕಿದರೆ ಅದು ದೂರದ ಐದನೆಯ ಘಾತಕ್ಕೆ ವಿಲೋಮವಾಗುತ್ತದೆ. ಅಂಥ ಗುರುತ್ವದಲ್ಲಿ ಚಂದ್ರನೂ ಗ್ರಹಗಳೂ ಈಗಿನ ಕಕ್ಷೆಗಳಲ್ಲಿ ನಿಲ್ಲಲಾರವು. ನಿಜವಾದ ಗುರುತ್ವ ಸಿಗಬೇಕಾದರೆ ಹರಿವಿನ ವೇಗ ಪ್ರತಿಯೊಂದು ದೂರದಲ್ಲೂ ಅಲ್ಲಿನ ವಿಮೋಚನಾ ವೇಗಕ್ಕೆ (ಭೂಮಿಯ ಸೆಳೆತದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗಕ್ಕೆ), ಭೂಮಿಯ ಮೇಲ್ಮೈಯಲ್ಲಿ ಸೆಕೆಂಡಿಗೆ 11.2 ಕಿಲೋಮೀಟರಿಗೆ, ಸಮವಾಗಿರಬೇಕು. ಹಾಗೆ ಹರಿಯುವ ದ್ರವ ಒಳಕ್ಕೆ ಬಂದಂತೆಲ್ಲ ಕಡಿಮೆಯಾಗುತ್ತಾ ಹೋಗಬೇಕು, ಅಂದರೆ ಭೂಮಿಯೊಳಗೆ ಮಾತ್ರವಲ್ಲದೆ ಖಾಲಿ ಆಕಾಶದ ಎಲ್ಲೆಡೆಯೂ ಅದು ಅಳಿಯುತ್ತಿರಬೇಕು. ಯಾಕೆ ಅಳಿಯುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರ ಬಳಿ ಉತ್ತರವಿರಲಿಲ್ಲ, ಮತ್ತು ಅದನ್ನು ಅವರು ನೇರವಾಗಿಯೇ ಒಪ್ಪಿಕೊಂಡರು.

ಇಲ್ಲಿ ಒಂದು ಸ್ವಾರಸ್ಯಕರ ಸಂಗತಿ ಇದೆ. ಪ್ಯಾನ್ಲೆವೆ 1921ರಲ್ಲಿ, ಗುಲ್‌ಸ್ಟ್ರಾಂಡ್ 1922ರಲ್ಲಿ ಐನ್‌ಸ್ಟೈನನ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳನ್ನು ಬರೆದ ಒಂದು ರೂಪದಲ್ಲಿ, ಕಾಯವೊಂದರ ಸುತ್ತಲಿನ ದೇಶವು, ಅಂದರೆ ಖಾಲಿ ಜಾಗವು, ಇದೇ ವಿಮೋಚನಾ ವೇಗದಲ್ಲಿ ಒಳಕ್ಕೆ ಹರಿಯುತ್ತಿರುವಂತೆ ಕಾಣುತ್ತದೆ, ಮತ್ತು ಆ ರೂಪದಿಂದ ಬುಧನ ಕಕ್ಷೆಯಲ್ಲಿನ ಶತಮಾನಕ್ಕೆ 43 ಆರ್ಕ್ ಸೆಕೆಂಡಿನ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಹೆಚ್ಚುವರಿ ತಿರುಗುವಿಕೆಯೂ ಸೂರ್ಯನ ಅಂಚಿನಲ್ಲಿ ಬೆಳಕಿನ 1.75 ಆರ್ಕ್ ಸೆಕೆಂಡಿನ ಬಾಗುವಿಕೆಯೂ ತಪ್ಪಿಲ್ಲದೆ ದೊರೆಯುತ್ತವೆ. ಹರಿವಿನ ಚಿತ್ರ ತಪ್ಪಲ್ಲ ಎಂದು ಹಿರಿಯರು ಸಂತೋಷಪಟ್ಟದ್ದು ಸಹಜ. ಆದರೆ ಆ ಚಿತ್ರ ಕೆಲಸ ಮಾಡುವುದು, ಹರಿಯುವುದರ ಜೊತೆ ಹೋಗುವ ಪ್ರತಿಯೊಬ್ಬ ವೀಕ್ಷಕನಿಗೂ ಬೆಳಕು ಎಲ್ಲ ದಿಕ್ಕಿಗೆ ಒಂದೇ ವೇಗದಲ್ಲಿ ಹೋಗುತ್ತದೆ ಮತ್ತು ಅವನಿಗೆ ಹೋಲಿಸಿ ಚಲಿಸುವವರಿಗೂ ಹಾಗೆಯೇ ಕಾಣುತ್ತದೆ ಎಂಬ ಷರತ್ತಿನ ಮೇಲೆ. ಕಿಟ್ಟನ್ನು ಲಂಬವಾಗಿ ನಿಲ್ಲಿಸಿದರೂ ಆ 11.2 ಕಿಲೋಮೀಟರ್ ಕಾಣುವುದಿಲ್ಲ. ಹಳೆಯ ಸೂತ್ರದ ಪ್ರಕಾರವೂ ಅದು ಒಂದು ಫ್ರಿಂಜಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ, ಹೊಸ ಷರತ್ತಿನ ಪ್ರಕಾರ ಸೊನ್ನೆ. ಐನ್‌ಸ್ಟೈನ್ 1920ರಲ್ಲಿ ಲೈಡನ್ನಿನ ಉಪನ್ಯಾಸದಲ್ಲಿ, ಸಾಮಾನ್ಯ ಸಾಪೇಕ್ಷತೆಯ ದೇಶಕ್ಕೆ ಭೌತಿಕ ಗುಣಗಳಿರುವುದರಿಂದ ಅದನ್ನು ಒಂದು ಅರ್ಥದಲ್ಲಿ ಈಥರ್ ಎನ್ನಬಹುದು, ಆದರೆ ಅದಕ್ಕೆ ಚಲನೆಯ ಕಲ್ಪನೆಯನ್ನು ಅಂಟಿಸುವಂತಿಲ್ಲ ಎಂದದ್ದು ಇದೇ ಕಾರಣಕ್ಕೆ.

ಅಂದರೆ ಗುರುತ್ವದ ವಿಷಯದಲ್ಲಿ ಈಥರ್ ಪಕ್ಷಕ್ಕೆ ಉಳಿಯುವುದು, ಸಾಮಾನ್ಯ ಸಾಪೇಕ್ಷತೆಗಿಂತ ಬೇರೆ ಫಲಿತಾಂಶವನ್ನು ಮುಂದಾಗಿ ಹೇಳಿ ಪರೀಕ್ಷೆಗೆ ನಿಲ್ಲುವ ದಾರಿ. ಅಂಥದ್ದು ಇಲ್ಲವೆಂದಲ್ಲ. ಜೇಕಬ್‌ಸನ್ ಮತ್ತು ಮ್ಯಾಟಿಂಗ್ಲಿ 2001ರಲ್ಲಿ ಮಂಡಿಸಿದ ಐನ್‌ಸ್ಟೈನ್-ಈಥರ್ ಸಿದ್ಧಾಂತದಲ್ಲಿ ಪ್ರತಿಯೊಂದು ಬಿಂದುವಿನಲ್ಲೂ ಒಂದು ವಿಶೇಷ ಕಾಲದಿಕ್ಕು ಇರುತ್ತದೆ ಮತ್ತು ಗುರುತ್ವ ತರಂಗಗಳ (ದೇಶದಲ್ಲಿ ಹರಡುವ ಗುರುತ್ವದ ಅಲೆಗಳ) ವೇಗ ಬೆಳಕಿನ ವೇಗಕ್ಕಿಂತ ಬೇರೆಯಾಗಿರಲು ಅವಕಾಶವಿದೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನದ ಗುರುತ್ವ ತರಂಗವೂ ಗಾಮಾ ಕಿರಣವೂ ಸುಮಾರು 13 ಕೋಟಿ ಜ್ಯೋತಿರ್ವರ್ಷ ಪಯಣಿಸಿ 1.7 ಸೆಕೆಂಡಿನ ಅಂತರದಲ್ಲಿ ಬಂದು ತಲುಪಿದ್ದರಿಂದ ಆ ಅವಕಾಶ ಬಹುಮಟ್ಟಿಗೆ ಮುಚ್ಚಿಹೋಯಿತು. ಸಿದ್ಧಾಂತ ಇನ್ನೂ ಬದುಕಿದೆ, ಅದರ ಅಂಗಳ ಮಾತ್ರ ಕಿರಿದಾಗಿದೆ. ಈಥರನ್ನು ಗೌರವದಿಂದ ನಡೆಸಿಕೊಳ್ಳುವ ರೀತಿ ಇದೇ ಎಂದು ನಾನು ನಂಬಿದ್ದೇನೆ.

ಕ್ವಾಂಟಮ್ ಭಾಗಕ್ಕೆ ಬಂದರೆ, ಕೈಪಿಡಿ ಈ ಉಪಕರಣದ ಫ್ರಿಂಜ್‌ಗಳನ್ನು "ಕ್ವಾಂಟಮ್ ವ್ಯತಿಕರಣ" ಎಂದು ಕರೆದಿರುವುದು ಸರಿಯಲ್ಲ. ಒಂದು ಮಿಲಿವ್ಯಾಟ್ ಕೆಂಪು ಲೇಸರ್ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಹೆಚ್ಚು ಫೋಟಾನುಗಳನ್ನು (ಬೆಳಕಿನ ಕಣಗಳನ್ನು) ಹೊರಸೂಸುತ್ತದೆ. ಬೆಳಕು ತೋಳಿನಲ್ಲಿ ಹೋಗಿಬರುವ ಅಲ್ಪಕಾಲದಲ್ಲೂ ಉಪಕರಣದೊಳಗೆ 40 ಲಕ್ಷಕ್ಕೂ ಹೆಚ್ಚು ಫೋಟಾನುಗಳಿರುತ್ತವೆ. ಅವುಗಳ ಫ್ರಿಂಜ್‌ಗಳನ್ನು ವಿವರಿಸಲು, ಬೆಳಕನ್ನು ವಿದ್ಯುತ್ಕಾಂತೀಯ ಅಲೆ ಎನ್ನುವ ಮ್ಯಾಕ್ಸ್‌ವೆಲ್ಲನ ತರಂಗವೇ ಸಾಕು. 1909ರಲ್ಲಿ ಟೇಲರ್ ಅತಿ ಮಂದ ಬೆಳಕಿನಲ್ಲಿ ತಿಂಗಳುಗಟ್ಟಲೆ ಫೋಟೋ ತಟ್ಟೆಯನ್ನು ತೆರೆದಿಟ್ಟು ಅದೇ ಪಟ್ಟೆಗಳನ್ನು ಪಡೆದ. ನಿಜವಾಗಿ ಒಂದೊಂದೇ ಫೋಟಾನನ್ನು ಕಳುಹಿಸಿ ವ್ಯತಿಕರಣವನ್ನು ತೋರಿಸಿದ್ದು 1986ರಲ್ಲಿ ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ. ಒಂದೊಂದಾಗಿ ಬರುವ ಕಣಗಳು ಸೇರಿ ತರಂಗದ ಪಟ್ಟೆಗಳನ್ನು ಬರೆಯುವುದು ಹೇಗೆ ಎಂಬುದೇ ಒಗಟು, ಮತ್ತು ಈಥರ್ ಪಕ್ಷಕ್ಕೆ ಇಲ್ಲಿ ನಿಜವಾದ ಬಲವಿದೆ. ಕಣವೊಂದನ್ನು ಮಾಧ್ಯಮದ ಅಲೆ ನಡೆಸಿಕೊಂಡು ಹೋಗುತ್ತದೆ ಎಂದರೆ ಮನಸ್ಸಿಗೆ ಒಪ್ಪುತ್ತದೆ. ದ ಬ್ರಾಯ್ 1927ರಲ್ಲಿ ಅದನ್ನು ಹೇಳಿದ, ಬೋಮ್ 1952ರಲ್ಲಿ ಪೂರ್ಣ ಸಿದ್ಧಾಂತವಾಗಿ ಬೆಳೆಸಿದ, ಡಿರಾಕ್ 1951ರಲ್ಲಿ ಕ್ವಾಂಟಮ್ ನಿಯಮಗಳನ್ನು ಗಣನೆಗೆ ತೆಗೆದುಕೊಂಡರೆ ಈಥರನ್ನು ಮತ್ತೆ ಯೋಚಿಸಲು ಅಡ್ಡಿಯಿಲ್ಲ ಎಂದು ಬರೆದ.

ಪ್ಯಾರಿಸ್ಸಿನಲ್ಲಿ ಕುಡೆ ಮತ್ತು ಫೋರ್ 2005ರಿಂದೀಚೆಗೆ, ಮೇಲೆ ಕೆಳಗೆ ಕಂಪಿಸುವ ಸಿಲಿಕೋನ್ ಎಣ್ಣೆಯ ಮೇಲೆ ಪುಟಿಯುತ್ತಾ ತನ್ನದೇ ಅಲೆಯಿಂದ ಮುನ್ನಡೆಯುವ ಹನಿಗಳನ್ನು ತೋರಿಸಿದ್ದು ಈ ಪಕ್ಷಕ್ಕೆ ಹೊಸ ಹುರುಪು ಕೊಟ್ಟಿತು. ನಮ್ಮ ಹಿರಿಯರು ಆ ಹನಿಗಳ ವಿಡಿಯೋವನ್ನು ತೋರಿಸಿದಾಗ ಕೋಣೆಯಲ್ಲಿ ಯಾರಿಗೂ ಮಾತು ಬರಲಿಲ್ಲ. ಆದರೆ ಎರಡು ಸೀಳುಗಳ ಮೂಲಕ ಹನಿಗಳನ್ನು ಕಳುಹಿಸಿದಾಗ ಕಂಡಿತೆನ್ನಲಾದ ಪಟ್ಟೆಗಳು, ಡೆನ್ಮಾರ್ಕಿನ ತಂಡವೊಂದು 2015ರಲ್ಲಿ ಹೆಚ್ಚಿನ ಎಚ್ಚರದಿಂದ ಮಾಡಿದ ಪ್ರಯೋಗದಲ್ಲಿ ದೊರೆಯಲಿಲ್ಲ. ಇದಕ್ಕಿಂತ ಆಳದ ತೊಡಕು ಬೇರೆಯದು. ಒಂದು ಕಣದ ತರಂಗ ಮೂರು ಆಯಾಮಗಳಲ್ಲಿ ಹರಡುತ್ತದೆ, ಅದನ್ನು ಎಣ್ಣೆಯ ಅಲೆಯಂತೆ ಕಲ್ಪಿಸಬಹುದು. ಎರಡು ಕಣಗಳ ತರಂಗಕ್ಕೆ ಆರು ಆಯಾಮಗಳು ಬೇಕು, ಹತ್ತು ಕಣಗಳಿಗೆ ಮೂವತ್ತು. ನಮ್ಮ ಮೂರು ಆಯಾಮದ ದೇಶವನ್ನು ತುಂಬಿರುವ ಯಾವ ದ್ರವದ ಅಲೆಯೂ ಅದನ್ನು ಹೊರಲಾರದು. ಸಂಶೋಧನಾ ವಿದ್ಯಾರ್ಥಿನಿ "ಸರ್, ಎರಡನೆಯ ಕಣ ಬಂದ ಕೂಡಲೇ ನಿಮ್ಮ ಎಣ್ಣೆ ಎಲ್ಲಿರುತ್ತದೆ?" ಎಂದು ಕೇಳಿದ್ದಕ್ಕೆ, ಅದುವರೆಗಿನ ಯಾವ ಆಕ್ಷೇಪಕ್ಕೂ ಅಂಜದ ಹಿರಿಯರು ಬಹಳ ಹೊತ್ತು ಯೋಚಿಸಿದರು.

ಎರಡು ಕಣಗಳು ಬಂದ ಮೇಲೆ ಭೌತವಿಜ್ಞಾನಿ ಜಾನ್ ಬೆಲ್ ಬರಲೇಬೇಕು. 1964ರ ಬೆಲ್ ಪ್ರಮೇಯದ ಪ್ರಕಾರ, ಹತ್ತಿರದಿಂದ ಹತ್ತಿರಕ್ಕೆ ಬೆಳಕನ್ನು ಮೀರದ ವೇಗದಲ್ಲಿ ಪ್ರಭಾವವನ್ನು ಸಾಗಿಸುವ ಯಾವ ಮಾಧ್ಯಮವೂ, ದೂರದೂರದ ಎರಡು ಕಣಗಳ ಅಳತೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಳ್ಳಬಹುದು ಎಂಬುದಕ್ಕಿರುವ ಒಂದು ಮಿತಿಯನ್ನು ದಾಟಲಾರದು. ಸಾಮಾನ್ಯವಾಗಿ ಬಳಸುವ ರೂಪದಲ್ಲಿ ಆ ಮಿತಿ 2, ಕ್ವಾಂಟಮ್ ಸಿದ್ಧಾಂತ 2.83ರವರೆಗೆ ಹೋಗುತ್ತದೆ. ಆಸ್ಪೆ 1982ರಲ್ಲಿ, ಡೆಲ್ಫ್ಟ್ ತಂಡ 2015ರಲ್ಲಿ 1.3 ಕಿಲೋಮೀಟರ್ ಅಂತರದಲ್ಲಿ, ಮಿತಿ ಮುರಿಯುವುದನ್ನು ತೋರಿಸಿದರು. ಈಥರ್ ಪಕ್ಷಕ್ಕೆ ಉಳಿದ ದಾರಿ ಎಂದರೆ ಅದರೊಳಗೆ ಬೆಳಕಿಗಿಂತ ವೇಗವಾಗಿ ಏನೋ ಸಾಗುತ್ತದೆ ಎನ್ನುವುದು. ಬೆಲ್ ಸ್ವತಃ, ಲೊರೆಂಟ್ಸ್ ಮತ್ತು ಪ್ವಾಂಕರೆಯ ಕಾಲದ ಈಥರಿಗೆ ಹಿಂದಿರುಗುವುದು ಈ ಇಕ್ಕಟ್ಟಿನಿಂದ ಹೊರಬರುವ ಅತಿ ಸುಲಭದ ದಾರಿ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದ. ನಮ್ಮ ಹಿರಿಯರಿಗೆ ಇದನ್ನು ನಾನೇ ತಿಳಿಸಿದೆ, ಏಕೆಂದರೆ ಎದುರುಪಕ್ಷದ ಅತ್ಯುತ್ತಮ ಸಾಕ್ಷಿಯನ್ನು ಮುಚ್ಚಿಡುವುದು ವಾದವಲ್ಲ. ಆದರೆ ಈ ದಾರಿಗೂ ಅಳತೆ ಇದೆ. ಜಿನೀವಾ ಬಳಿ 18 ಕಿಲೋಮೀಟರ್ ಅಂತರದ ಎರಡು ಹಳ್ಳಿಗಳ ನಡುವೆ 2008ರಲ್ಲಿ ನಡೆದ ಪ್ರಯೋಗದಂತೆ, ಈಥರ್ ನಿಶ್ಚಲವಾಗಿರುವ ವಿಶೇಷ ಚೌಕಟ್ಟೊಂದಿದ್ದು ಅದಕ್ಕೆ ಹೋಲಿಸಿ ಭೂಮಿಯ ವೇಗ ಬೆಳಕಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಾಗಿದ್ದರೆ, ಆ ಗುಪ್ತ ಪ್ರಭಾವ ಬೆಳಕಿಗಿಂತ ಕನಿಷ್ಠ ಹತ್ತು ಸಾವಿರ ಪಟ್ಟು ವೇಗದಲ್ಲಿ ಸಾಗಬೇಕು.

ಹೀಗೆ ಉಳಿಯುವ ಲೊರೆಂಟ್ಸ್ ಈಥರಿನಲ್ಲಿ ಚಲಿಸುವ ಸರಳುಗಳು ಸರಿಯಾಗಿ ಬೇಕಾದಷ್ಟೇ ಕುಗ್ಗುತ್ತವೆ, ಗಡಿಯಾರಗಳು ಬೇಕಾದಷ್ಟೇ ನಿಧಾನವಾಗುತ್ತವೆ, ಹಾಗಾಗಿ ನಮ್ಮ ಕಿಟ್ ಸೇರಿದಂತೆ ಯಾವ ಉಪಕರಣವೂ ಸೊನ್ನೆ ಫ್ರಿಂಜನ್ನೇ ತೋರಿಸುತ್ತದೆ. ತರ್ಕದ ದೃಷ್ಟಿಯಿಂದ ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಯೂಮಿನಿಯಂ ತೋಳನ್ನು ಹಿಡಿದಿಟ್ಟಿರುವ ವಿದ್ಯುತ್ ಬಲ ಮಾತ್ರವಲ್ಲ, ಅಲ್ಪಾಯುಷಿ ಕಣವಾದ ಮ್ಯೂಆನಿನ ಕ್ಷಯಕ್ಕೆ ಕಾರಣವಾದ, ಪರಮಾಣುವಿನೊಳಗಿನ ದುರ್ಬಲ ಬಲವೂ ಇದೇ ಸೂತ್ರಕ್ಕೆ ಬದ್ಧವಾಗಿದೆ. 1970ರ ದಶಕದಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಪ್ರಯೋಗದಲ್ಲಿ 2.2 ಮೈಕ್ರೋಸೆಕೆಂಡ್ ಆಯುಷ್ಯದ ಮ್ಯೂಆನುಗಳು ವೇಗದ ಓಟದಲ್ಲಿ ಸುಮಾರು 64 ಮೈಕ್ರೋಸೆಕೆಂಡ್ ಬದುಕಿದವು. ಒಂದಕ್ಕೊಂದು ಸಂಬಂಧವಿಲ್ಲದ ಬಲಗಳೆಲ್ಲ ಈಥರನ್ನು ಅಡಗಿಸಿಡಲು ಒಂದೇ ಸೂತ್ರಕ್ಕೆ ಒಪ್ಪಿಕೊಂಡದ್ದೇಕೆ ಎಂಬುದಕ್ಕೆ ಆ ಸಿದ್ಧಾಂತ ಉತ್ತರ ಕೊಡುವುದಿಲ್ಲ, ದೇಶಕಾಲದ ರಚನೆಯೇ ಹಾಗಿದೆ ಎನ್ನುವ ಸಾಪೇಕ್ಷತೆ ಕೊಡುತ್ತದೆ. ಆದ್ದರಿಂದ ನನ್ನ ಮತ ಸಾಪೇಕ್ಷತೆಯ ಕಡೆಗೆ. ಗುರುತ್ವಕ್ಕೆ ಬೇಕಾದ ಈಥರ್ ಹರಿದು ಅಳಿಯಬೇಕು, ಕ್ವಾಂಟಮ್‌ಗೆ ಬೇಕಾದ ಈಥರ್ ಮೂರು ಆಯಾಮಗಳನ್ನು ಮೀರಬೇಕು, ಬೆಲ್ ಪ್ರಯೋಗಗಳಿಗೆ ಬೇಕಾದದ್ದು ಎಲ್ಲ ಅಳತೆಗೂ ಮರೆಯಾಗಿರಬೇಕು. ಈ ಮೂರನ್ನೂ ಒಂದೇ ವಸ್ತುವಾಗಿ ಕಟ್ಟಿಕೊಟ್ಟ ಲೆಕ್ಕವನ್ನು ನಾನು ಇದುವರೆಗೆ ಕಂಡಿಲ್ಲ.

ಖರೀದಿಯ ವಿಷಯಕ್ಕೆ ಹಿಂದಿರುಗುತ್ತೇನೆ. ಪೂರೈಕೆದಾರರ ಸೇವೆ ಸಾಧಾರಣ: ಬಿರುಕು ಬಿಟ್ಟು ಬಂದ ಗಾಜಿನ ಕೋಶವನ್ನು ಬದಲಿಸಿಕೊಟ್ಟರು, ಆದರೆ ಕೈಪಿಡಿಯ ಲೆಕ್ಕದ ಬಗ್ಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಮೈಕ್ರೋಮೀಟರ್ ತಿರುಪಿನಲ್ಲಿ ಹಿಂದುಮುಂದಾಗುವಾಗ ಸ್ವಲ್ಪ ಸಡಿಲವಿದೆ, ಹಾಗಾಗಿ ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ ಎಣಿಸಬೇಕು. ಲೇಸರ್ ಬೆಚ್ಚಗಾಗುವ ಮೊದಲ ಕೆಲವು ನಿಮಿಷ ಫ್ರಿಂಜ್‌ಗಳು ಇದ್ದಕ್ಕಿದ್ದಂತೆ ಮಸುಕಾಗುತ್ತವೆ, ಅದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಬೀಮ್ ಸ್ಪ್ಲಿಟರಿಗೆ ಜೋಡಿಯಾಗಿ ಬೇಕಾದ ಸರಿದೂಗಿಸುವ ಗಾಜನ್ನು ಕೊಡದಿರುವುದರಿಂದ ಬಿಳಿ ಬೆಳಕಿನ ಫ್ರಿಂಜ್‌ಗಳನ್ನು ಪಡೆಯುವುದು ಬಹಳ ಕಷ್ಟ. ಮಧ್ಯದ ಪಟ್ಟೆ ಯಾವುದೆಂದು ಗುರುತಿಸಲು ಮೈಕೆಲ್ಸನ್ ಬಿಳಿ ಬೆಳಕನ್ನೇ ನೆಚ್ಚಿದ್ದರಿಂದ ಇದು ಸಣ್ಣ ಕೊರತೆಯಲ್ಲ. ತಿರುಗುಪೀಠವೂ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಲೇಸರ್ ಕಿರಣವನ್ನು ಮಕ್ಕಳು ನೇರವಾಗಿ ನೋಡದಂತೆ ಪರದೆಯ ಹಿಂದೆ ಕಪ್ಪು ಹಲಗೆಯೊಂದನ್ನು ನಿಲ್ಲಿಸಿ. ಪದವಿ ಕಾಲೇಜುಗಳು ಇದನ್ನು ಧೈರ್ಯವಾಗಿ ಕೊಳ್ಳಬಹುದು, ಪದವಿಪೂರ್ವ ಕಾಲೇಜುಗಳು ಎರಡು ಮೂರು ಸಂಸ್ಥೆಗಳು ಸೇರಿ ಒಂದನ್ನು ತರಿಸಿಕೊಂಡರೆ ಸಾಕು. ಕೈಪಿಡಿಯ ಈಥರ್ ಅಧ್ಯಾಯದ ಬದಲಿಗೆ ಮೇಲಿನ ಮೂರು ಲೆಕ್ಕಗಳನ್ನು, ಅಂದರೆ 30 ಕಿಲೋಮೀಟರಿಗೆ 0.006, ಒಂದು ಡಿಗ್ರಿಗೆ 14 ಮತ್ತು 370 ಕಿಲೋಮೀಟರಿಗೆ 0.9 ಫ್ರಿಂಜ್ ಎಂಬುದನ್ನು, ವಿದ್ಯಾರ್ಥಿಗಳಿಂದಲೇ ಮಾಡಿಸಿ, ಆಮೇಲೆ ಉಪಕರಣವನ್ನು ತಿರುಗಿಸಲು ಬಿಡಿ. ನಮ್ಮ ಹಿರಿಯರು ಈಗ ತೋಳನ್ನು ಎರಡು ಮೀಟರಿಗೆ ಹಿಗ್ಗಿಸಲು ಬೇಕಾದ ಹೆಚ್ಚುವರಿ ಕನ್ನಡಿಗಳನ್ನು ತರಿಸಲು ಹೇಳಿದ್ದಾರೆ. ಅದರ ಹಣದಲ್ಲಿ ಅರ್ಧವನ್ನು ಅವರೇ ಕೊಡುತ್ತಿದ್ದಾರೆ.